ಖಾನ್ ಸಾಯದೇ ಇದ್ದಿದ್ದರೆ ಮಂಗೋಲರು ಇಡೀ ಜಗತ್ತನ್ನು ಆಳುತ್ತಿದ್ದರಾ?

ವ್ಯಾಟಿಕನ್ನಿನ ಹಳೆಯ ದಾಖಲೆಗಳ ನಡುವೆ ಒಂದು ಪತ್ರ ಇದೆ. 1246ರ ಕೊನೆಯಲ್ಲಿ ಬರೆದದ್ದು. ಬರೆಸಿದವನು ಗುಯುಕ್ ಖಾನ್, ಚೆಂಗೀಸ್ ಖಾನನ ಮೊಮ್ಮಗ. ಪತ್ರ ಪೋಪ್ ನಾಲ್ಕನೇ ಇನೊಸೆಂಟ್‌ಗೆ. ಭಾಷೆ ಪರ್ಷಿಯನ್, ಮೇಲೆ ಖಾನನ ಕೆಂಪು ಮುದ್ರೆ. ಅದರಲ್ಲಿರುವ ವಿಷಯ ಇಷ್ಟು: ಸೂರ್ಯ ಹುಟ್ಟುವಲ್ಲಿಂದ ಮುಳುಗುವಲ್ಲಿಯವರೆಗೆ ಎಲ್ಲ ನೆಲವೂ ನಮಗೆ ಶರಣಾಗಿದೆ, ದೇವರ ಅಪ್ಪಣೆ ಇಲ್ಲದೆ ಇದು ಆಗುತ್ತಿತ್ತೇ, ನೀನು ನಿನ್ನ ರಾಜರನ್ನೆಲ್ಲ ಕರೆದುಕೊಂಡು ಖುದ್ದಾಗಿ ಬಂದು ತಲೆಬಾಗು, ಬರದಿದ್ದರೆ ನಿನ್ನನ್ನು ಶತ್ರು ಅಂತಲೇ ತಿಳಿಯುತ್ತೇವೆ.

ಇದನ್ನು ಸುಮ್ನೆ ಜಂಬ ಅಂತ ಓದಿದರೆ ತಪ್ಪಾಗುತ್ತದೆ. ಮಂಗೋಲರು ಇದನ್ನು ನಿಜವಾಗಿ ನಂಬಿದ್ದರು. ಮೇಲಿರುವ ಆಕಾಶ ದೇವರು ಭೂಮಿಯನ್ನು ಪೂರ್ತಿಯಾಗಿ ಚೆಂಗೀಸನ ಮನೆತನಕ್ಕೆ ಕೊಟ್ಟಾಗಿದೆ, ಇನ್ನೂ ಶರಣಾಗದವರು ಸುದ್ದಿ ತಿಳಿಯದವರು ಅಥವಾ ದಂಗೆ ಎದ್ದವರು, ಇಷ್ಟೇ ಅವರ ಲೆಕ್ಕ. ಅವರು ಬಳಸುತ್ತಿದ್ದ 'ಇಲ್' ಎಂಬ ಒಂದೇ ಮಾತಿಗೆ ಶಾಂತಿ ಅಂತಲೂ ಅರ್ಥ, ಅಧೀನತೆ ಅಂತಲೂ ಅರ್ಥ. ನಮ್ಮ ಜೊತೆ ಶಾಂತಿಯಾಗಿರು ಅಂದರೆ ನಮ್ಮ ಕೈಕೆಳಗೆ ಇರು ಅಂತಲೇ.

ಹಾಗಾಗಿ 'ಒಂದೇ ಸಾಮ್ರಾಜ್ಯ ಇಡೀ ಜಗತ್ತನ್ನು ಆಳಿದ್ದರೆ' ಎಂಬ ಪ್ರಶ್ನೆ ಬಂದಾಗಲೆಲ್ಲ ನನಗೆ ರೋಮ್ ನೆನಪಾಗುವುದಿಲ್ಲ, ಬ್ರಿಟನ್ ನೆನಪಾಗುವುದಿಲ್ಲ. ಮಂಗೋಲರೇ ನೆನಪಾಗುತ್ತಾರೆ. ಅವರು ಬಾಯಿಬಿಟ್ಟು ಹಾಗೆ ಹೇಳಿದ್ದರು, ಅದಕ್ಕಾಗಿ ಹೊರಟಿದ್ದರು. ಒಂದು ಹಂತದಲ್ಲಿ ಅವರನ್ನು ತಡೆಯುವವರು ಯಾರೂ ಇಲ್ಲ ಅಂತಲೂ ಕಾಣುತ್ತಿತ್ತು.

ಆ ಹಂತ ಯಾವುದು? 1241. ಏಪ್ರಿಲ್ 9ಕ್ಕೆ ಪೋಲೆಂಡಿನ ಲೆಗ್ನಿಕಾ ಹತ್ತಿರ ಮಂಗೋಲರ ಒಂದು ದಂಡು ಅಲ್ಲಿನ ಡ್ಯೂಕ್ ಹೆನ್ರಿಯ ಸೇನೆಯನ್ನು ಸೋಲಿಸಿ ಅವನನ್ನು ಕೊಂದಿತು. ಎರಡೇ ದಿನ ಕಳೆದು, ಏಪ್ರಿಲ್ 11ಕ್ಕೆ, ಹಂಗೆರಿಯ ಮೋಹಿ ಎಂಬಲ್ಲಿ ಇನ್ನೊಂದು ದಂಡು ರಾಜ ನಾಲ್ಕನೇ ಬೇಲಾನ ದೊಡ್ಡ ಸೇನೆಯನ್ನು ಪುಡಿಮಾಡಿತು. ಬೇಲಾ ಜೀವ ಉಳಿಸಿಕೊಂಡು ಓಡಿದ. ಆ ಚಳಿಗಾಲದಲ್ಲಿ ಡ್ಯಾನ್ಯೂಬ್ ನದಿ ಹೆಪ್ಪುಗಟ್ಟಿತು, ಮಂಗೋಲರು ಅದರ ಮೇಲೆಯೇ ದಾಟಿ ಬಂದರು, ಬೇಲಾನನ್ನು ಏಡ್ರಿಯಾಟಿಕ್ ಸಮುದ್ರದ ತೀರದವರೆಗೂ ಅಟ್ಟಿಸಿಕೊಂಡು ಹೋದರು. ವಿಯೆನ್ನಾ ಕೆಲವೇ ದಿನದ ದಾರಿ. ಅದರಾಚೆ ಇಟಲಿ, ಜರ್ಮನಿ, ಫ್ರಾನ್ಸ್.

ಆಮೇಲೆ 1242ರ ವಸಂತದಲ್ಲಿ ಅವರು ತಿರುಗಿ ಹೊರಟುಹೋದರು.

ಯಾಕೆ ಹೋದರು ಎಂಬುದಕ್ಕೆ ಎಲ್ಲರೂ ಹೇಳುವ ಕಾರಣ ಒಂದೇ. 1241ರ ಡಿಸೆಂಬರ್ 11ರಂದು, ಸಾವಿರಾರು ಕಿಲೋಮೀಟರ್ ದೂರದ ಮಂಗೋಲಿಯಾದಲ್ಲಿ, ಮಹಾಖಾನ್ ಒಗೆದೈ ಸತ್ತ. ಚೆಂಗೀಸನ ಮೂರನೇ ಮಗ ಅವನು, ವಿಪರೀತ ಕುಡಿಯುತ್ತಿದ್ದ. ಅಣ್ಣ ಚಗತಾಯ್ ದಿನಕ್ಕೆ ಇಷ್ಟೇ ಬಟ್ಟಲು ಅಂತ ಮಿತಿ ಹಾಕಿದಾಗ ಬಟ್ಟಲಿನ ಗಾತ್ರ ದೊಡ್ಡದು ಮಾಡಿಕೊಂಡ ಎಂಬ ಕಥೆ ಅವನ ಬಗ್ಗೆ ಇದೆ. ಖಾನ್ ಸತ್ತರೆ ಮನೆತನದವರೆಲ್ಲ ಸೇರಿ ಹೊಸ ಖಾನನನ್ನು ಆರಿಸಬೇಕು, ಅದಕ್ಕಾಗಿ ಸೇನೆ ವಾಪಸ್ ಹೋಯಿತು, ಯುರೋಪ್ ಉಳಿಯಿತು. ಅಂದರೆ ಒಬ್ಬ ಮನುಷ್ಯ ಇನ್ನು ಹತ್ತು ವರ್ಷ ಬದುಕಿದ್ದರೆ ಜಗತ್ತೆಲ್ಲ ಒಂದೇ ಬಾವುಟದ ಕೆಳಗೆ ಇರುತ್ತಿತ್ತು ಅಂತ.

ಕೇಳಲು ತುಂಬ ಚೆನ್ನಾಗಿದೆ ಅಲ್ವಾ? ನಾನೂ ಇದನ್ನು ಬಹಳ ಕಾಲ ನಂಬಿದ್ದೆ. ಈಗ ನಂಬುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ಇತಿಹಾಸದಲ್ಲಿ 'ಹೀಗಾಗಿದ್ದರೆ' ಎಂಬ ಪ್ರಶ್ನೆಯನ್ನು ಯಾರು ಬೇಕಾದರೂ ಕೇಳಬಹುದು. ಆದರೆ ಉತ್ತರ ಉಪಯೋಗಕ್ಕೆ ಬರಬೇಕಾದರೆ ಒಂದು ನಿಯಮ ಪಾಲಿಸಬೇಕು. ಒಂದೇ ಒಂದು ಸಂಗತಿಯನ್ನು ಬದಲಿಸಬೇಕು, ಅದೂ ಆಗ ನಿಜವಾಗಿ ಬೇರೆ ಥರ ಆಗಬಹುದಾಗಿದ್ದ ಸಂಗತಿಯನ್ನು. ಮಿಕ್ಕಿದ್ದೆಲ್ಲ ಇದ್ದ ಹಾಗೇ ಇರಬೇಕು. ಬೆಟ್ಟ, ಮಳೆ, ದೂರ, ಜನರ ಸ್ವಭಾವ, ಯಾವುದನ್ನೂ ಮುಟ್ಟುವ ಹಾಗಿಲ್ಲ. ಒಗೆದೈ ಸಾಯದೇ ಇರಲಿ, ಪರವಾಗಿಲ್ಲ. ಕುಡುಕನೊಬ್ಬ ಇನ್ನೊಂದಷ್ಟು ವರ್ಷ ಬದುಕುವುದು ಅಸಾಧ್ಯವೇನಲ್ಲ. ಆದರೆ ಅವನ ಕುದುರೆಗಳು ಹುಲ್ಲೇ ತಿನ್ನಬೇಕು, ಅವನ ಆಜ್ಞೆ ಕುದುರೆಯ ಮೇಲೆಯೇ ಹೋಗಬೇಕು, ಕೊನೆಗೆ ಅವನೂ ಒಂದು ದಿನ ಸಾಯಲೇಬೇಕು.

ಮೊದಲು ಹುಲ್ಲಿನ ವಿಷಯ. ಮನೆಯಲ್ಲಿ ದನ ಕಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡು ಎತ್ತು, ಒಂದು ಹಸು ಇದ್ದ ಮನೆಯಲ್ಲೂ ಏಪ್ರಿಲ್ ಬಂತು ಅಂದರೆ ಮೇವಿನ ಚಿಂತೆ ಶುರುವಾಗುತ್ತದೆ, ಬಣವೆ ಎಷ್ಟು ಉಳಿದಿದೆ ಅಂತ ದಿನಾ ಕಣ್ಣು ಹಾಯಿಸುತ್ತಾರೆ. ಈಗ ಮಂಗೋಲ್ ಸವಾರನನ್ನು ನೋಡಿ. ಅವನ ಹತ್ತಿರ ಒಂದು ಕುದುರೆ ಇರುತ್ತಿರಲಿಲ್ಲ, ಮೂರರಿಂದ ಐದು ಇರುತ್ತಿದ್ದವು. ಒಂದು ದಣಿದರೆ ಇನ್ನೊಂದು ಹತ್ತುತ್ತಿದ್ದ. ಅವರ ವೇಗದ ಗುಟ್ಟೇ ಅದು. ಸುಮ್ನೆ ಲೆಕ್ಕಕ್ಕೆ ಒಂದು ಲಕ್ಷ ಸವಾರರು, ತಲಾ ನಾಲ್ಕು ಕುದುರೆ ಅಂತ ಇಟ್ಟುಕೊಳ್ಳೋಣ. ನಾಲ್ಕು ಲಕ್ಷ ಕುದುರೆ ಆಯಿತು. ಆ ತಳಿ ಗಿಡ್ಡ, ಒಂದಕ್ಕೆ ದಿನಕ್ಕೆ ಆರು ಕೆಜಿ ಒಣ ಹುಲ್ಲಿನಷ್ಟು ಮೇವು ಅಂದರೂ ದಿನಕ್ಕೆ 24 ಲಕ್ಷ ಕೆಜಿ. ಹತ್ತು ಟನ್ನಿನ ಲಾರಿಗಳಲ್ಲಿ ತುಂಬಿದರೆ 240 ಲಾರಿ. ಪ್ರತಿ ದಿನ. ಲಾರಿ ಇಲ್ಲದ ಕಾಲದಲ್ಲಿ.

ಅಷ್ಟು ಮೇವನ್ನು ಯಾರೂ ಹೊತ್ತು ತರಲು ಆಗುವುದಿಲ್ಲ. ಅದು ನೆಲದ ಮೇಲೆಯೇ ಬೆಳೆದಿರಬೇಕು, ಕುದುರೆ ಅದರ ಮೇಲೆ ನಡೆಯುತ್ತಾ ಮೇಯಬೇಕು. ಮಂಗೋಲಿಯಾದಿಂದ ಉಕ್ರೇನಿನವರೆಗೆ ಅಂಥ ಹುಲ್ಲುಗಾವಲು ಒಂದೇ ಪಟ್ಟಿಯಂತೆ ಹಬ್ಬಿದೆ. ಮಂಗೋಲರ ಸಾಮ್ರಾಜ್ಯದ ಬೆನ್ನೆಲುಬು ಅಂದರೆ ಆ ಹುಲ್ಲಿನ ಪಟ್ಟಿ. ಅದರ ಪಶ್ಚಿಮದ ತುದಿಯಲ್ಲಿ, ಬೆಟ್ಟಗಳನ್ನು ದಾಟಿದ ಮೇಲೆ, ಹಂಗೆರಿಯ ಬಯಲು ಸಿಗುತ್ತದೆ. ಸುಮಾರು ಒಂದು ಲಕ್ಷ ಚದರ ಕಿಲೋಮೀಟರ್, ನಮ್ಮ ಕರ್ನಾಟಕದ ಅರ್ಧದಷ್ಟು. ಮಂಗೋಲಿಯಾ ಒಂದೇ 15 ಲಕ್ಷ ಚದರ ಕಿಲೋಮೀಟರಿಗೂ ಜಾಸ್ತಿ ಇದೆ. ಹಂಗೆರಿಯ ಬಯಲಿನ ಆಚೆ ಕಾಡು, ಹೊಲ, ಕಣಿವೆ, ಕಲ್ಲಿನ ಕೋಟೆ. ಹುಲ್ಲಿನ ಪಟ್ಟಿ ಅಲ್ಲಿಗೆ ಮುಗಿಯಿತು.

ಅದರ ಮೇಲೆ 1242ರ ವಸಂತದಲ್ಲಿ ಇನ್ನೊಂದು ಕಷ್ಟ ಬಂತು. 2016ರಲ್ಲಿ ಮರದ ಕಾಂಡದ ಉಂಗುರಗಳನ್ನು ಓದಿ ಆ ಕಾಲದ ಹವಾಮಾನ ಲೆಕ್ಕಹಾಕಿದ ಒಂದು ಅಧ್ಯಯನ ಬಂತು. ಆ ವರ್ಷದ ಆರಂಭ ಹಂಗೆರಿಯಲ್ಲಿ ಚಳಿ ಮತ್ತು ತೇವದಿಂದ ಕೂಡಿತ್ತು, ಬಯಲೆಲ್ಲ ಜೌಗಾಗಿ ಮೇವು ಕಡಿಮೆಯಾಗಿ ಕುದುರೆ ದಂಡು ಓಡಾಡುವುದೇ ಕಷ್ಟವಾಗಿರಬೇಕು ಅನ್ನುವುದು ಅವರ ವಾದ. ಎಲ್ಲ ಇತಿಹಾಸಕಾರರೂ ಇದನ್ನು ಪೂರ್ತಿ ಒಪ್ಪಿಲ್ಲ. ಆದರೆ ಸೇಕೆಶ್‌ಫೆಹೆರ್ವಾರ್ ಎಂಬ ಊರನ್ನು ಸುತ್ತಲಿನ ಜೌಗು ನೆಲ ಕಾಪಾಡಿತು, ಎಸ್ಟರ್‌ಗೋಮ್ ಊರು ಸುಟ್ಟುಹೋದರೂ ಅದರ ಕಲ್ಲಿನ ಕೋಟೆ ಬೀಳಲಿಲ್ಲ, ಇವು ಮಾತ್ರ ನಿಜ. ಆಮೇಲೆ ಬೇಲಾ ವಾಪಸ್ ಬಂದು ಮಾಡಿದ ದೊಡ್ಡ ಕೆಲಸ ಅಂದರೆ ಕಲ್ಲಿನ ಕೋಟೆ ಕಟ್ಟಿಸಿದ್ದು. 1285ರಲ್ಲಿ ಮಂಗೋಲರು ಮತ್ತೆ ಹಂಗೆರಿಗೆ ಬಂದಾಗ ಸೋತು ಹೋದರು.

ಇನ್ನೊಂದು ಸಂಗತಿಯನ್ನು ಜನ ಮರೆಯುತ್ತಾರೆ. ಆ ದಂಡಿನ ಯಜಮಾನ ಬತು, ಚೆಂಗೀಸನ ಹಿರಿಮಗ ಜೋಚಿಯ ಮಗ. ಖಾನನನ್ನು ಆರಿಸಲೇಬೇಕು ಅಂತ ಹೊರಟಿದ್ದರೆ ಅವನು ನೆಟ್ಟಗೆ ಮಂಗೋಲಿಯಾಕ್ಕೆ ಹೋಗಬೇಕಿತ್ತು. ಹೋಗಲೇ ಇಲ್ಲ. ವೋಲ್ಗಾ ನದಿಯ ಬಳಿ, ಒಳ್ಳೆ ಹುಲ್ಲಿರುವ ಕಡೆ, ನೆಲೆ ನಿಂತ. ಅಲ್ಲೇ ಅವನ ರಾಜ್ಯ ಬೆಳೆಯಿತು. ಒಗೆದೈ ಬದುಕಿದ್ದರೂ ಬತು ವೋಲ್ಗಾಕ್ಕೇ ಬರುತ್ತಿದ್ದ ಅಂತ ನನಗೆ ಅನಿಸುತ್ತದೆ, ಬಹುಶಃ ಒಂದೆರಡು ವರ್ಷ ತಡವಾಗಿ, ಇಟಲಿಯ ಒಂದೆರಡು ಊರು ಸುಟ್ಟ ಮೇಲೆ.

ಆದ್ದರಿಂದ ಬದಲಿಸುವುದೇ ಆದರೆ 1241ನ್ನು ಬಿಟ್ಟು 1259ನ್ನು ಬದಲಿಸಬೇಕು ಅಂತ ನನ್ನ ಅಭಿಪ್ರಾಯ. ಆಗ ಮಹಾಖಾನ್ ಮೊಂಗ್ಕೆ. ಕುಡುಕನಲ್ಲ, ಗಟ್ಟಿ ಆಡಳಿತಗಾರ. ಜನಗಣತಿ ಮಾಡಿಸಿದ, ತೆರಿಗೆ ವ್ಯವಸ್ಥೆ ಸರಿಮಾಡಿದ. ಒಬ್ಬ ತಮ್ಮ ಕುಬ್ಲಾಯ್‌ನನ್ನು ಚೀನಾದ ಕಡೆಗೆ, ಇನ್ನೊಬ್ಬ ತಮ್ಮ ಹುಲಗುವನ್ನು ಪಶ್ಚಿಮದ ಕಡೆಗೆ ಕಳಿಸಿದ. 1258ರ ಫೆಬ್ರವರಿಯಲ್ಲಿ ಹುಲಗು ಬಾಗ್ದಾದನ್ನು ಹಾಳುಮಾಡಿ ಖಲೀಫನನ್ನು ಕೊಂದ. 1260ರ ಆರಂಭದಲ್ಲಿ ಅಲೆಪ್ಪೊ, ಆಮೇಲೆ ಡಮಾಸ್ಕಸ್. ಇನ್ನು ಉಳಿದದ್ದು ಈಜಿಪ್ಟ್. ಆದರೆ ಅಷ್ಟರಲ್ಲಿ, 1259ರ ಆಗಸ್ಟಿನಲ್ಲಿ, ಮೊಂಗ್ಕೆ ಚೀನಾದ ದಿಯಾವೊಯೂ ಎಂಬ ಬೆಟ್ಟದ ಕೋಟೆಯ ಮುತ್ತಿಗೆಯ ನಡುವೆ ಸತ್ತಿದ್ದ. ಸುದ್ದಿ ಬಂದ ಮೇಲೆ ಹುಲಗು ಸೇನೆಯ ಬಹುಭಾಗವನ್ನು ಕರೆದುಕೊಂಡು ಹಿಂದಕ್ಕೆ ಹೋದ. ಕಿತ್‌ಬುಕಾ ಎಂಬ ಸೇನಾಪತಿ ಸಣ್ಣ ದಂಡಿನೊಂದಿಗೆ ಉಳಿದ. 1260ರ ಸೆಪ್ಟೆಂಬರ್ 3ರಂದು ಐನ್ ಜಾಲೂತ್ ಎಂಬ ಬುಗ್ಗೆಯ ಬಳಿ ಈಜಿಪ್ಟಿನ ಮಾಮ್ಲೂಕರು ಅವನನ್ನು ಸೋಲಿಸಿದರು.

ಮೊಂಗ್ಕೆ ಬದುಕಿದ್ದರೆ ಈಜಿಪ್ಟ್ ಬೀಳುತ್ತಿತ್ತಾ? ಬೀಳಬಹುದಿತ್ತು. ಇದನ್ನು ನಾನು ಪ್ರಾಮಾಣಿಕವಾಗಿ ಒಪ್ಪುತ್ತೇನೆ. ಆದರೆ ಇಲ್ಲೂ ಮೇವಿನ ಮಾತು ಬರುತ್ತದೆ. ಹುಲಗು 1262ರಲ್ಲಿ ಫ್ರಾನ್ಸಿನ ರಾಜ ಒಂಬತ್ತನೇ ಲೂಯಿಗೆ ಬರೆಸಿದ ಪತ್ರದಲ್ಲಿ ತಾನು ಸಿರಿಯಾದಿಂದ ಹಿಂದೆ ಸರಿಯಲು ಕಾರಣ ಹೇಳುತ್ತಾ, ಅಲ್ಲಿ ಮೇವು ಮತ್ತು ದವಸ ಮುಗಿದಿತ್ತು ಅಂತ ತಾನೇ ಹೇಳಿಕೊಂಡಿದ್ದಾನೆ. ಸಿರಿಯಾದಲ್ಲಿ ಬೇಸಿಗೆ ಬಂದರೆ ಹುಲ್ಲು ಒಣಗುತ್ತದೆ. ಚಳಿಗಾಲದಲ್ಲಿ ಬಂದು, ಹುಲ್ಲಿರುವಾಗ ಗೆದ್ದು, ಬೇಸಿಗೆಗೆ ವಾಪಸ್ ಹೋಗಬೇಕು. ಹಾಗೆ ವರ್ಷಕ್ಕೆ ಅರ್ಧ ವರ್ಷ ಮಾತ್ರ ಇರಲು ಆಗುವ ದೇಶವನ್ನು ಆಳುವುದು ಹೇಗೆ? ಮುಂದಿನ ನಲವತ್ತು ವರ್ಷ ಮಂಗೋಲರು ಸಿರಿಯಾಕ್ಕೆ ಮತ್ತೆ ಮತ್ತೆ ಬಂದರು. ಒಮ್ಮೆ ಗೆದ್ದರೂ ನಿಲ್ಲಲಿಲ್ಲ.

ಮಾಮ್ಲೂಕರ ಬಗ್ಗೆಯೂ ಒಂದು ಮಾತು ಹೇಳಬೇಕು. ಇವರಲ್ಲಿ ಬಹಳ ಜನ ಕಪ್ಪು ಸಮುದ್ರದ ಉತ್ತರದ ಹುಲ್ಲುಗಾವಲಿನ ಕಿಪ್‌ಚಾಕ್ ತುರ್ಕರು. ಮಂಗೋಲರೇ ಆ ಜನರನ್ನು ಚದುರಿಸಿದರು, ಆ ಗಲಾಟೆಯಲ್ಲಿ ಸಾವಿರಾರು ಹುಡುಗರು ಗುಲಾಮರಾಗಿ ಮಾರಾಟವಾದರು, ಈಜಿಪ್ಟ್ ಅವರನ್ನು ಕೊಂಡು ಸೈನಿಕರನ್ನಾಗಿ ಮಾಡಿತು. ಐನ್ ಜಾಲೂತ್‌ನಲ್ಲಿ ಮುಂದಿನ ಸಾಲಿನಲ್ಲಿದ್ದ ಬೈಬರ್ಸ್ ಹಾಗೆ ಮಾರಾಟವಾದ ಹುಡುಗ. ಮಂಗೋಲರು ತಮ್ಮನ್ನು ಸೋಲಿಸುವವರನ್ನು ತಾವೇ ಕಳಿಸಿಕೊಟ್ಟಿದ್ದರು. ದೊಡ್ಡ ಸಾಮ್ರಾಜ್ಯ ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಏನೋ ಒಂದು ಎದ್ದು ನಿಲ್ಲುತ್ತದೆ. ನಕ್ಷೆಗೆ ಬಣ್ಣ ಬಳಿಯುವಾಗ ಇದು ಕಾಣುವುದಿಲ್ಲ.

ದಕ್ಷಿಣಕ್ಕೆ ಬಂದರೆ ಕಥೆ ಇನ್ನೂ ಬೇಗ ಮುಗಿಯುತ್ತದೆ. ಚೆಂಗೀಸ್ 1221ರಲ್ಲೇ ಸಿಂಧೂ ನದಿಯವರೆಗೆ ಬಂದಿದ್ದ, ಖ್ವಾರಜ್ಮಿನ ಜಲಾಲುದ್ದೀನ್ ಕುದುರೆ ಸಮೇತ ನದಿಗೆ ಹಾರಿ ತಪ್ಪಿಸಿಕೊಂಡದ್ದು ಆಗಲೇ. ಖಾನ್ ಮುಂದೆ ಬರಲಿಲ್ಲ. 1241ರ ಡಿಸೆಂಬರಿನಲ್ಲಿ, ಒಗೆದೈ ಸತ್ತ ಅದೇ ತಿಂಗಳು, ಮಂಗೋಲರು ಲಾಹೋರನ್ನು ದೋಚಿದರು, ಆದರೆ ಅಲ್ಲಿ ಉಳಿಯಲಿಲ್ಲ. ಅಲಾವುದ್ದೀನ್ ಖಿಲ್ಜಿಯ ಕಾಲದಲ್ಲಿ 1299ರಲ್ಲಿ, 1303ರಲ್ಲಿ ದೆಹಲಿಯ ಬಾಗಿಲಿಗೇ ಬಂದರು, ಗೆಲ್ಲಲಾಗಲಿಲ್ಲ. ಅವರನ್ನು ಎದುರಿಸಲು ಅಲಾವುದ್ದೀನ್ ಭಾರಿ ಸೇನೆ ಕಟ್ಟಿದ, ಅದರ ಖರ್ಚು ತೂಗಿಸಲು ದೆಹಲಿಯ ಮಾರುಕಟ್ಟೆಯಲ್ಲಿ ದವಸದ ಬೆಲೆಯನ್ನೇ ನಿಗದಿ ಮಾಡಿದ. ಆ ಸುಲ್ತಾನನ ದಂಡೇ 1311ರಲ್ಲಿ ಮಲಿಕ್ ಕಾಫೂರನ ಜೊತೆ ನಮ್ಮ ದ್ವಾರಸಮುದ್ರಕ್ಕೆ, ಅಂದರೆ ಇವತ್ತಿನ ಹಳೇಬೀಡಿಗೆ, ಬಂದು ಮೂರನೇ ವೀರಬಲ್ಲಾಳನಿಂದ ಸಂಪತ್ತು ಕಸಿದುಕೊಂಡು ಹೋಯಿತು. ಮಂಗೋಲರು ಕರ್ನಾಟಕಕ್ಕೆ ಕಾಲಿಡಲಿಲ್ಲ. ಅವರ ಭಯದಿಂದ ಬೆಳೆದ ಸೇನೆ ಮಾತ್ರ ಇಲ್ಲಿಯವರೆಗೂ ಬಂತು.

ಅವರು ದೆಹಲಿ ಗೆದ್ದಿದ್ದರೆ ನಮ್ಮ ಕಡೆಗೂ ಬರುತ್ತಿದ್ದರಾ? ಬಂದಿದ್ದರೂ ಕುದುರೆ ಉಳಿಯುತ್ತಿರಲಿಲ್ಲ. 13ನೇ ಶತಮಾನದ ಕೊನೆಗೆ ಪಾಂಡ್ಯರ ನಾಡಿಗೆ ಬಂದ ಮಾರ್ಕೊ ಪೋಲೊ ಇದನ್ನು ಬೆರಗಿನಿಂದ ಹೇಳುತ್ತಾನೆ: ಇಲ್ಲಿನ ರಾಜರು ಪ್ರತಿ ವರ್ಷ ಸಾವಿರಾರು ಕುದುರೆಗಳನ್ನು ಸಮುದ್ರದ ಮೇಲೆ ತರಿಸುತ್ತಾರೆ, ಅವು ಇಲ್ಲಿ ಬದುಕುವುದಿಲ್ಲ, ಅನ್ನ ಮಾಂಸ ಬೇಯಿಸಿ ತಿನ್ನಿಸುತ್ತಾರೆ ಅಂತ. ಮುಂದೆ ವಿಜಯನಗರದವರಿಗೂ ಇದೇ ಪಾಡು, ಭಟ್ಕಳ, ಗೋವಾಗಳಲ್ಲಿ ಹಡಗಿನಿಂದ ಇಳಿಯುವ ಕುದುರೆಗೆ ಚಿನ್ನ ಸುರಿಯಬೇಕಿತ್ತು. ಕುದುರೆಯ ಮೇಲೆ ನಿಂತ ಸಾಮ್ರಾಜ್ಯಕ್ಕೆ ಕುದುರೆ ಹುಟ್ಟದ, ಬದುಕದ ನೆಲವೇ ಗಡಿ.

ಸಮುದ್ರ ದಾಟಿದ್ದೂ ಹಾಗೇ ಆಯಿತು. ಜಪಾನಿಗೆ 1274, 1281, ಎರಡು ಸಲ. ವಿಯೆಟ್ನಾಮಿನಲ್ಲಿ 1288ರಲ್ಲಿ ಬಾಕ್ ಡಾಂಗ್ ನದಿಯ ತಳದಲ್ಲಿ ನೆಟ್ಟ ಚೂಪಾದ ಮರದ ಕಂಬಗಳಿಗೆ ಅವರ ಹಡಗು ಸಿಕ್ಕಿಕೊಂಡವು. 1293ರಲ್ಲಿ ಜಾವಾಕ್ಕೆ ಹೋದ ದಂಡನ್ನು ಅಲ್ಲಿನ ವಿಜಯ ಎಂಬ ರಾಜಕುಮಾರ ತನ್ನ ಶತ್ರುವಿನ ಮೇಲೆ ಛೂಬಿಟ್ಟು, ಕೆಲಸ ಆದ ಮೇಲೆ ಓಡಿಸಿದ. ಮಜಾಪಹಿತ್ ರಾಜ್ಯ ಹುಟ್ಟಿದ್ದೇ ಹಾಗೆ.

ಈಗ ಸುದ್ದಿಯ ವಿಷಯ. ಮಂಗೋಲರ ಕುದುರೆ ಅಂಚೆ ಆ ಕಾಲಕ್ಕೆ ಅದ್ಭುತ. ಸುಮಾರು ನಲವತ್ತು ಕಿಲೋಮೀಟರಿಗೆ ಒಂದು ಠಾಣೆ, ಅಲ್ಲಿ ಸಿದ್ಧವಾಗಿ ನಿಂತ ಕುದುರೆ, ಊಟ, ಬೆಂಕಿ. ಖಾನನ ಬಿಲ್ಲೆ ತೋರಿಸಿದರೆ ಸಾಕು, ಯಾರೂ ತಡೆಯುವಂತಿಲ್ಲ. ಒಗೆದೈ ತಾನು ಮಾಡಿದ ನಾಲ್ಕು ಒಳ್ಳೆ ಕೆಲಸಗಳಲ್ಲಿ ಈ ಅಂಚೆಯೂ ಒಂದು ಅಂತ ಹೇಳಿಕೊಂಡನೆಂದು ಮಂಗೋಲರ ಚರಿತ್ರೆಯಲ್ಲೇ ಇದೆ. ಕುಡಿತವನ್ನು ತಪ್ಪುಗಳ ಪಟ್ಟಿಯಲ್ಲಿ ಸೇರಿಸಿದ್ದ.

ಆದರೂ ದೂರ ದೂರವೇ. ಮಂಗೋಲರ ರಾಜಧಾನಿ ಕಾರಾಕೊರಮ್‌ನಿಂದ ಹಂಗೆರಿಗೆ ಗೆರೆ ಎಳೆದ ಹಾಗೆ ಹೋದರೂ ಸುಮಾರು ಆರು ಸಾವಿರ ಕಿಲೋಮೀಟರ್. ದಿನಕ್ಕೆ 200 ಕಿಲೋಮೀಟರಿನಂತೆ ಒಂದು ದಿನವೂ ನಿಲ್ಲದೆ ಓಡಿದರೆ ಮೂವತ್ತು ದಿನ. ಹಿಮ, ನೆರೆ, ಕಾಯಿಲೆ ಏನೂ ಅಡ್ಡ ಬರಬಾರದು. ಪೋಪ್ ಕಳಿಸಿದ ದೂತ ಜಿಯೊವಾನಿ ಕಾರ್ಪಿನಿ ಅನ್ನುವ ಸನ್ಯಾಸಿ, ಅರವತ್ತು ದಾಟಿದವನು, ಇದೇ ದಾರಿಯಲ್ಲಿ ಹೋದ. ಬತುವಿನ ವೋಲ್ಗಾ ಬಿಡಾರದಿಂದ 1246ರ ಏಪ್ರಿಲ್ 8ಕ್ಕೆ ಹೊರಟು, ದಿನಕ್ಕೆ ಹಲವು ಸಲ ಕುದುರೆ ಬದಲಿಸುತ್ತಾ, ಗುಯುಕ್‌ನ ಬಿಡಾರ ಮುಟ್ಟಿದ್ದು ಜುಲೈ 22ಕ್ಕೆ. ಮೂರೂವರೆ ತಿಂಗಳು. ವೋಲ್ಗಾದಿಂದ ಅಷ್ಟು. ಪ್ಯಾರಿಸ್, ಲಿಸ್ಬನ್ ಎಲ್ಲ ಇನ್ನೂ ದೂರ.

ಈಗ ಪ್ಯಾರಿಸ್ಸಿನಲ್ಲಿ ಒಬ್ಬ ಮಂಗೋಲ್ ಅಧಿಕಾರಿ ಕೂತಿದ್ದಾನೆ ಅಂತ ಊಹಿಸಿ. ಊರಲ್ಲಿ ದಂಗೆ ಎದ್ದಿದೆ. ಏನು ಮಾಡಲಿ ಅಂತ ಕಾರಾಕೊರಮ್‌ಗೆ ಕೇಳಿ ಕಳಿಸಿದರೆ ಉತ್ತರ ಬರಲು ಎಲ್ಲ ಚೆನ್ನಾಗಿ ನಡೆದರೂ ಎರಡು ಮೂರು ತಿಂಗಳು. ಸಹಾಯಕ್ಕೆ ಸೇನೆ ಬೇಕಾದರೆ ಅದು ನಡೆದು ಬರಲು ವರ್ಷ ಮೀರಬಹುದು. ಅಷ್ಟರಲ್ಲಿ ದಂಗೆ ಗೆದ್ದಿರುತ್ತದೆ, ಇಲ್ಲವೇ ಅವನೇ ಅದನ್ನು ಅಡಗಿಸಿರುತ್ತಾನೆ. ಅಡಗಿಸಲು ಅವನ ಹತ್ತಿರ ಸ್ವಂತ ಸೇನೆ, ಸ್ವಂತ ಖಜಾನೆ ಇರಬೇಕು. ಸ್ವಂತ ಸೇನೆ, ಸ್ವಂತ ಖಜಾನೆ ಇದ್ದು, ಕೇಳುವವರು ವರ್ಷದ ದೂರದಲ್ಲಿ ಇದ್ದರೆ, ಅವನು ಅಧಿಕಾರಿಯಾಗಿ ಎಷ್ಟು ದಿನ ಉಳಿಯುತ್ತಾನೆ? ಅವನ ಮಗ ಅಂತೂ ರಾಜನೇ.

ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ತೊಡಕು ಇಲ್ಲಿದೆ. ಅಂದರೆ ಪಾಲು.

ಚೆಂಗೀಸ್ ಖಾನನಿಗೆ ಹಿರಿಹೆಂಡತಿ ಬೋರ್ತೆಯಲ್ಲಿ ನಾಲ್ಕು ಗಂಡುಮಕ್ಕಳು. ಜೋಚಿ, ಚಗತಾಯ್, ಒಗೆದೈ, ತೊಲುಯ್. ಸಾಮ್ರಾಜ್ಯ ಅವರಿಗೆ ದೇಶ ಆಗಿರಲಿಲ್ಲ, ಮನೆಯ ಆಸ್ತಿ ಆಗಿತ್ತು. ಮಕ್ಕಳಿಗೆಲ್ಲ ಜನ, ಸೇನೆ, ಹುಲ್ಲುಗಾವಲು ಹಂಚಬೇಕು. ದೊಡ್ಡವರು ದೂರ ಹೋಗಿ ನೆಲೆ ಮಾಡಿಕೊಳ್ಳಬೇಕು, ಕಿರಿಮಗ ಅಪ್ಪನ ಮನೆಯ ಒಲೆ ಕಾಯಬೇಕು. ಹಾಗೆ ತೊಲುಯ್‌ಗೆ ಮಂಗೋಲಿಯಾ, ಜೋಚಿಗೆ ಪಶ್ಚಿಮದ ಕೊನೆ. ಮಹಾಖಾನ್ ಯಾರು ಎಂಬುದಕ್ಕೆ ಹಿರಿಮಗನೇ ಅನ್ನುವ ನಿಯಮ ಇರಲಿಲ್ಲ. ಜೋಚಿ ಹುಟ್ಟುವ ಮೊದಲು ಬೋರ್ತೆಯನ್ನು ಶತ್ರುಗಳು ಹೊತ್ತೊಯ್ದಿದ್ದರು, ಹಾಗಾಗಿ ಅವನು ನಮ್ಮ ರಕ್ತವೇ ಅಲ್ಲ ಅಂತ ಚಗತಾಯ್ ಅಪ್ಪನ ಎದುರೇ ಅಂದುಬಿಟ್ಟ. ಇಬ್ಬರೂ ಕೈಕೈ ಮಿಲಾಯಿಸಿದರು. ಈ ಜಗಳ ತಪ್ಪಿಸಲು ಎಲ್ಲರ ಜೊತೆ ಹೊಂದಿಕೊಂಡು ಹೋಗುವ ಮೂರನೆಯವನು ಒಗೆದೈ ಖಾನನಾದ.

ಆ ಒಂದು ಮಾತು ಮೊಮ್ಮಕ್ಕಳವರೆಗೂ ಹೋಯಿತು. ಯುರೋಪಿನ ದಂಡಯಾತ್ರೆಯ ಒಂದು ಔತಣದಲ್ಲಿ ಜೋಚಿಯ ಮಗ ಬತು ಎಲ್ಲರಿಗಿಂತ ಮೊದಲು ಬಟ್ಟಲು ಎತ್ತಿದ. ಒಗೆದೈಯ ಮಗ ಗುಯುಕ್ ಸಿಟ್ಟಾಗಿ ಬಾಯಿಗೆ ಬಂದಂತೆ ಬೈದು ಎದ್ದುಹೋದ. ಬತು ಚಿಕ್ಕಪ್ಪ ಒಗೆದೈಗೆ ದೂರು ಬರೆಸಿದ, ಗುಯುಕ್‌ನನ್ನು ವಾಪಸ್ ಕರೆಸಿದರು. ಮುಂದೆ ಆ ಗುಯುಕ್‌ನೇ ಮಹಾಖಾನ್ ಆದ. ಒಗೆದೈ ಹತ್ತು ವರ್ಷ ಜಾಸ್ತಿ ಬದುಕಿದ್ದರೆ ಈ ಜಗಳ ಹತ್ತು ವರ್ಷ ಮುಂದಕ್ಕೆ ಹೋಗುತ್ತಿತ್ತು, ಅಷ್ಟೆ.

ಒಂದು ಸಣ್ಣ ಲೆಕ್ಕ ಮಾಡಿ ನೋಡಿ. 1227ರಲ್ಲಿ ಚೆಂಗೀಸ್ ಸತ್ತ. 1259ರಲ್ಲಿ ಮೊಂಗ್ಕೆ ಸತ್ತ. ನಡುವೆ 32 ವರ್ಷ. ಅದರಲ್ಲಿ 1227ರಿಂದ 29, 1241ರಿಂದ 46, 1248ರಿಂದ 51, ಹೀಗೆ ಒಟ್ಟು ಸುಮಾರು ಹತ್ತು ವರ್ಷ ಖಾನನ ಪೀಠ ಖಾಲಿ ಇತ್ತು. ಮೂರನೇ ಒಂದು ಭಾಗ! ಸಾಮ್ರಾಜ್ಯ ತುಂಬ ಗಟ್ಟಿಯಾಗಿದ್ದ ಕಾಲವೇ ಇದು. 1259ರ ನಂತರವಂತೂ ಕುಬ್ಲಾಯ್ ಮತ್ತು ತಮ್ಮ ಅರಿಕ್ ಬೋಕೆ ಇಬ್ಬರೂ ನಾನೇ ಖಾನ್ ಅಂದರು, ನಾಲ್ಕು ವರ್ಷ ಯುದ್ಧ ಮಾಡಿದರು. ಇತ್ತ 1262ರಲ್ಲಿ ಬತುವಿನ ತಮ್ಮ ಬರ್ಕೆ ಮತ್ತು ಹುಲಗು ಹೊಡೆದಾಡಿದರು. ಯಾವುದಕ್ಕೆ? ಬರ್ಕೆ ಮುಸ್ಲಿಮನಾಗಿದ್ದ, ಬಾಗ್ದಾದಿನ ನಾಶ ಅವನನ್ನು ನೋಯಿಸಿತ್ತು. ಅದರ ಜೊತೆಗೆ ಕಾಕಸಸ್ ಬೆಟ್ಟದ ದಕ್ಷಿಣದ ಹುಲ್ಲುಗಾವಲು ಯಾರ ಪಾಲು ಎಂಬ ತಕರಾರೂ ಇತ್ತು. ಮತ್ತೆ ಹುಲ್ಲೇ. ಬರ್ಕೆ ಕೊನೆಗೆ ಈಜಿಪ್ಟಿನ ಬೈಬರ್ಸ್ ಜೊತೆ ಸೇರಿ ತನ್ನ ದಾಯಾದಿಯ ವಿರುದ್ಧ ಒಪ್ಪಂದ ಮಾಡಿಕೊಂಡ.

ದೂರ ಯಾಕೆ, ನಮ್ಮ ಹೊಯ್ಸಳರನ್ನೇ ನೋಡಿ. ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ ಸೋಮೇಶ್ವರನ ರಾಜ್ಯ ಇಬ್ಬರು ಮಕ್ಕಳಿಗೆ ಪಾಲಾಯಿತು. ಮೂರನೇ ನರಸಿಂಹ ದ್ವಾರಸಮುದ್ರದಲ್ಲಿ, ರಾಮನಾಥ ತಮಿಳುನಾಡಿನ ಕಣ್ಣನೂರಿನಲ್ಲಿ. ಅಣ್ಣತಮ್ಮ ವರ್ಷಗಟ್ಟಲೆ ಕಾದಾಡಿದರು. ಅದನ್ನು ಮತ್ತೆ ಒಂದು ಮಾಡಿದ್ದು ನರಸಿಂಹನ ಮಗ ವೀರಬಲ್ಲಾಳ, ಮಲಿಕ್ ಕಾಫೂರ್ ಬಂದಾಗ ಇದ್ದ ಅದೇ ಬಲ್ಲಾಳ. ಹಳೇಬೀಡಿನಿಂದ ಕಣ್ಣನೂರಿಗೆ ಕುದುರೆಯಲ್ಲಿ ಕೆಲವೇ ದಿನದ ದಾರಿ. ಅಷ್ಟು ಹತ್ತಿರದಲ್ಲೇ ಪಾಲಾದ ಮನೆ ಒಂದಾಗಿ ನಿಲ್ಲಲಿಲ್ಲ ಅಂದಮೇಲೆ ಕೊರಿಯಾದಿಂದ ಹಂಗೆರಿಯವರೆಗಿನ ಮನೆ?

ಇನ್ನು ಆಳುವುದು ಅಂದರೇನು ಎಂಬ ಪ್ರಶ್ನೆ. 1230ರ ಹೊತ್ತಿಗೆ ಮಂಗೋಲರ ಕೆಲವು ದೊಡ್ಡವರು ಉತ್ತರ ಚೀನಾದ ರೈತರಿಂದ ನಮಗೇನು ಉಪಯೋಗ, ಅವರನ್ನು ತೆಗೆದುಹಾಕಿ ನೆಲವನ್ನೆಲ್ಲ ಹುಲ್ಲುಗಾವಲು ಮಾಡೋಣ ಅಂದರು. ಯೇಲು ಚುತ್ಸಾಯ್ ಎಂಬ ಮಂತ್ರಿ ಅದನ್ನು ತಡೆದ. ಖಿತಾನ್ ಜನಾಂಗದವನು, ಓದಿದವನು. ಅವನು ದಯೆಯ ಮಾತು ಎತ್ತಲಿಲ್ಲ, ಲೆಕ್ಕ ಇಟ್ಟ: ಆ ರೈತರನ್ನು ಬದುಕಲು ಬಿಡಿ, ವರ್ಷಕ್ಕೆ 5 ಲಕ್ಷ ತೊಲ ಬೆಳ್ಳಿ, 80 ಸಾವಿರ ತಾನು ರೇಷ್ಮೆ, 4 ಲಕ್ಷ ಮೂಟೆ ದವಸ ತಂದುಕೊಡುತ್ತೇನೆ. ತೊಲ, ತಾನು, ಮೂಟೆ ಅನ್ನುವುದು ನಮ್ಮ ತಿಳಿವಳಿಕೆಗೆ ನಾನು ಹಾಕಿದ ಮಾತು, ಚೀನಾದ ಅಳತೆಗಳು ಬೇರೆ. ಮಾರನೇ ವರ್ಷ ತಂದು ತೋರಿಸಿದ. ಒಗೆದೈ ಬೆರಗಾದ. ಎಷ್ಟು ಲಕ್ಷ ಜನರ ಜೀವ ಆ ಒಂದು ಲೆಕ್ಕದಿಂದ ಉಳಿಯಿತೋ. ನನಗೆ ಈ ಇಡೀ ಇತಿಹಾಸದಲ್ಲಿ ಅತಿ ಪ್ರೀತಿಯ ಮನುಷ್ಯ ಇವನೇ.

ಆದರೆ ಆ ಲೆಕ್ಕದ ಇನ್ನೊಂದು ಮುಖ ನೋಡಿ. ತೆರಿಗೆ ಬೇಕಾದರೆ ಗುಮಾಸ್ತರು ಬೇಕು, ಗುಮಾಸ್ತರು ಆಯಾ ನಾಡಿನವರೇ ಆಗಬೇಕು, ಅವರ ಭಾಷೆ, ಅವರ ಕಾನೂನು, ಅವರ ದೇವರು ಒಳಗೆ ಬರುತ್ತಾರೆ. ಕುಬ್ಲಾಯ್ 1271ರಲ್ಲಿ ತನ್ನ ರಾಜ್ಯಕ್ಕೆ ಯುವಾನ್ ಅಂತ ಚೀನೀ ಹೆಸರಿಟ್ಟ. ಇರಾನಿನಲ್ಲಿ ಹುಲಗುವಿನ ಮರಿಮಗ ಗಜಾನ್ 1295ರಲ್ಲಿ ಮುಸ್ಲಿಮನಾದ. ಇಬ್ಬರೂ ಚೆಂಗೀಸನ ಮನೆಯವರೇ, ಆದರೆ ಒಬ್ಬ ಚೀನಾದ ಚಕ್ರವರ್ತಿ, ಇನ್ನೊಬ್ಬ ಇಸ್ಲಾಮಿನ ಸುಲ್ತಾನ. ನೆಲ ಅವರನ್ನು ತನ್ನ ಥರ ಮಾಡಿಕೊಂಡಿತ್ತು. ರಷ್ಯದಲ್ಲಿ ಹಾಗಾಗಲಿಲ್ಲ, ಯಾಕೆಂದರೆ ಅಲ್ಲಿ ಅವರು ಆಳಲೇ ಇಲ್ಲ. ವೋಲ್ಗಾದ ಹುಲ್ಲಿನ ಮೇಲೆ ಕೂತು, ಕಾಡಿನ ರಾಜರಿಂದ ಕಪ್ಪ ತರಿಸಿಕೊಂಡು, ಯಾರು ರಾಜ ಅನ್ನುವುದಕ್ಕೆ ಪತ್ರ ಕೊಡುತ್ತಿದ್ದರು. 1480ರವರೆಗೆ, ಎರಡು ಶತಮಾನಕ್ಕೂ ಜಾಸ್ತಿ ಅದು ನಡೆಯಿತು.

ಹಾಗಾದರೆ ಮೊಂಗ್ಕೆ 1275ರವರೆಗೆ ಬದುಕಿದ ಜಗತ್ತು ಹೇಗಿರುತ್ತಿತ್ತು? ನನ್ನ ಊಹೆ ಹೇಳುತ್ತೇನೆ. ಈಜಿಪ್ಟ್ ಒಮ್ಮೆ ಬೀಳುತ್ತಿತ್ತು. ದಕ್ಷಿಣ ಚೀನಾದ ಸೋಂಗ್ ರಾಜ್ಯ 1279ರ ಬದಲು ಹತ್ತು ವರ್ಷ ಮೊದಲೇ ಮುಗಿಯುತ್ತಿತ್ತು. ವಿಯೆನ್ನಾ, ವೆನಿಸ್, ದೆಹಲಿಗಳು ರಷ್ಯದ ರಾಜರಂತೆ ಕಪ್ಪ ಕಟ್ಟುತ್ತಿದ್ದವು. 1270ರ ನಕ್ಷೆ ನೋಡಿದರೆ ಹಳೆಯ ಜಗತ್ತಿನ ಬಹುಭಾಗ ಒಂದೇ ಬಣ್ಣ. ನಿಜದಲ್ಲಿ ಅವರು ಮುಟ್ಟಿದ್ದು ಸುಮಾರು 2.4 ಕೋಟಿ ಚದರ ಕಿಲೋಮೀಟರ್, ಭೂಮಿಯ ಒಣ ನೆಲದ ಆರನೇ ಒಂದು ಭಾಗಕ್ಕೆ ಸ್ವಲ್ಪ ಕಮ್ಮಿ. ಊಹೆಯ ಜಗತ್ತಿನಲ್ಲಿ ಅದು ಒಂದಿಷ್ಟು ಹೆಚ್ಚಾಗುತ್ತಿತ್ತು. ಆಮೇಲೆ ಮೊಂಗ್ಕೆ ಸಾಯುತ್ತಿದ್ದ. ಕುಬ್ಲಾಯ್, ಹುಲಗು, ಬರ್ಕೆಯವರ ಮಕ್ಕಳ ಕೈಗೆ ಇನ್ನೂ ದೊಡ್ಡ ಪಾಲುಗಳು, ಇನ್ನೂ ದೊಡ್ಡ ಸೇನೆಗಳು. ನಾಲ್ಕು ರಾಜ್ಯ ಆದದ್ದು ಆರಾಗುತ್ತಿತ್ತು. ಅವರ ನಡುವಿನ ಯುದ್ಧಗಳು ನೈಲ್ ನದಿಯವರೆಗೂ ಹಬ್ಬುತ್ತಿದ್ದವು.

ಬ್ರಿಟಿಷರಿಗೆ ಹಬೆಯ ಹಡಗಿತ್ತು, ಸಮುದ್ರದ ತಳದಲ್ಲಿ ತಂತಿ ಇತ್ತು, ಲಂಡನ್ನಿನಿಂದ ಭಾರತಕ್ಕೆ ಸುದ್ದಿ ಗಂಟೆಗಳಲ್ಲಿ ಬರುತ್ತಿತ್ತು, ಮೇವಿನ ಬದಲು ಕಲ್ಲಿದ್ದಲು ಇತ್ತು. ಇಷ್ಟೆಲ್ಲ ಇದ್ದೂ 1920ರ ಸುಮಾರಿಗೆ ಅವರ ಕೈಯಲ್ಲಿದ್ದದ್ದು ನೆಲದ ನಾಲ್ಕನೇ ಒಂದು ಭಾಗದಷ್ಟು. ಅದೂ ನಮ್ಮಲ್ಲಿ ಮೈಸೂರಿನಂಥ ಸಂಸ್ಥಾನಗಳನ್ನು ಉಳಿಸಿಕೊಂಡು, ಅವರ ಕೈಯಲ್ಲೇ ಆಡಳಿತ ನಡೆಸಿ.

ಗುಯುಕ್‌ನ ಪತ್ರದ ಕಥೆ ಬಾಕಿ ಇದೆ. ಕಾರ್ಪಿನಿ ಅದನ್ನು ಹೊತ್ತುಕೊಂಡು 1246ರ ನವೆಂಬರಿನಲ್ಲಿ ಖಾನನ ಬಿಡಾರದಿಂದ ಹೊರಟ. ಹಿಮದ ಮೇಲೆ ಮಲಗುತ್ತಾ, ಬತುವಿನ ಬಿಡಾರ ಹಾದು, ಕೀವ್ ಹಾದು, ಪೋಪ್ ಇದ್ದ ಲಿಯೋನ್ ತಲುಪುವಾಗ 1247 ಮುಗಿಯುತ್ತಾ ಬಂದಿತ್ತು. ಸೂರ್ಯ ಹುಟ್ಟುವಲ್ಲಿಂದ ಮುಳುಗುವಲ್ಲಿಯವರೆಗೆ ಎಲ್ಲವೂ ನಮ್ಮದು ಎಂಬ ಮಾತನ್ನು ಅಲ್ಲಿ ಓದಿ ಕೆಲವೇ ತಿಂಗಳಿಗೆ, 1248ರ ವಸಂತದಲ್ಲಿ, ಗುಯುಕ್ ಸೇನೆ ಕಟ್ಟಿಕೊಂಡು ಪಶ್ಚಿಮಕ್ಕೆ ಹೊರಟ. ಯುರೋಪಿನ ಮೇಲೆ ಅಂತ ಅಲ್ಲ. ಔತಣದಲ್ಲಿ ಮೊದಲು ಬಟ್ಟಲು ಎತ್ತಿದ ಬತುವಿನ ಮೇಲೆ ಅಂತಲೇ ಬಹುತೇಕ ಇತಿಹಾಸಕಾರರು ನಂಬುತ್ತಾರೆ. ತೊಲುಯ್‌ನ ವಿಧವೆ ಸೊರ್ಕಕ್‌ತಾನಿ ಬತುವಿಗೆ ಗುಟ್ಟಾಗಿ ಸುದ್ದಿ ಮುಟ್ಟಿಸಿದಳು, ಅವನೂ ಸೇನೆ ಸಿದ್ಧಮಾಡಿಕೊಂಡು ಎದುರು ಹೊರಟ. ಇಬ್ಬರೂ ಭೇಟಿಯಾಗುವ ಮೊದಲೇ ಗುಯುಕ್ ದಾರಿಯಲ್ಲಿ ಸತ್ತ. ಮುಂದಿನ ಮೂರು ವರ್ಷ ಪೀಠ ಮತ್ತೆ ಖಾಲಿ ಇತ್ತು.